ನಾಲ್ಕನೇ ಕೊಳದ ರುಚಿ

ಉಗುಳಬೇಕಾಗಿತ್ತು. ಉಗುಳುವುದೇ ಅವನ ಕೆಲಸ. ಇಷ್ಟು ವರ್ಷ ಅದನ್ನೇ ಮಾಡಿ ಅನ್ನ ಉಂಡವನು. ಕೊಳಕ್ಕೆ ಬಲೆ ಇಳಿಸುವ ಮುನ್ನ ಒಂದು ಮೀನನ್ನು ಎತ್ತಿ, ಉಪ್ಪಿಲ್ಲದೆ ಎಣ್ಣೆಯಿಲ್ಲದೆ ಬರೀ ಹಬೆಯಲ್ಲಿ ಬೇಯಿಸಿ, ಬೆರಳಗಲದ ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟು, ಆಮೇಲೆ ಬಿಳಿಯ ಬೇಸಿನ್ನಿಗೆ ಉಗುಳಿ ಅವನು 'ಹೂಂ' ಅಂದರೆ ಬಲೆ ಇಳಿಯುತ್ತದೆ, 'ಉಹೂಂ' ಅಂದರೆ ಆ ಕೊಳ ಇನ್ನೂ ಕೆಲವು ವಾರ ಕಾಯುತ್ತದೆ. ಕೆಸರು ವಾಸನೆ ಹೊಡೆಯುವ ಮೀನನ್ನು ಒಮ್ಮೆ ತಿಂದವರು ಆಮೇಲೆ ಆ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಮೀನು ಸಾಕುವವರಿಗೆಲ್ಲ ಇದು ಗೊತ್ತು. ಹಾಗಾಗಿ ಅವನ ಹೆಸರು ಎಲ್ಲರಿಗೂ ಮರೆತುಹೋಗಿ 'ನಾಲಿಗೆ' ಎಂಬುದೇ ಉಳಿದಿತ್ತು. ಇವತ್ತು ಮಾತ್ರ ಆ ತುಂಡು ಬಾಯಲ್ಲೇ ನಿಂತಿದೆ. ಬಾಗಿಲಿಗೆ ಒರಗಿ ಯಜಮಾನ, ಕಿಟಕಿಯ ಬಳಿ ರಬ್ಬರ್ ಬೂಟು ಹಾಕಿಕೊಂಡ, ನೀರು ಪರೀಕ್ಷೆಗೆ ಬಂದ ಆರೋಗ್ಯ ಇಲಾಖೆಯ ಮೇಡಂ, ಅವಳ ಹಿಂದೆ ಒದ್ದೆ ಪ್ಯಾಂಟಿನ ಬಲೆಯವನು, ಮೂವರೂ ಅವನ ಬಾಯನ್ನೇ ನೋಡುತ್ತಿದ್ದಾರೆ. ತನ್ನ ದವಡೆ ಆಡುವುದು ಅವರಿಗೆ ಕಾಣುತ್ತಿದೆ ಎಂದು ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಇದೇ ದವಡೆ ಆಡುವುದನ್ನು ಜನ ಉಸಿರು ಬಿಗಿಹಿಡಿದು ನೋಡಿದ್ದರು, ಆಗ ಹೀಗನ್ನಿಸಿರಲಿಲ್ಲ.

"ಏನು ನಾಲಿಗೆಯವ್ರೇ, ಈಗ್ಲಾದ್ರೂ ಏನಾದ್ರೂ ಗೊತ್ತಾಗ್ತಿದ್ಯಾ?" ಎಂದ ಯಜಮಾನ. ತಂದೆಯಿಂದ ಕೊಳಗಳ ಜೊತೆಗೆ ಈ ಅಡ್ಡಹೆಸರನ್ನೂ ಪಡೆದುಕೊಂಡವನು. ತಂದೆ ಅದನ್ನು ಪ್ರೀತಿಯಿಂದ ಕರೆಯುತ್ತಿದ್ದ, ಮಗ ಅದಕ್ಕೆ 'ಅವ್ರೇ' ಸೇರಿಸಿ ಅದರ ಮಾನ ಕಳೆದಿದ್ದ.

"ಅವರಿಗೆ ಹೇಗೆ ಗೊತ್ತಾಗುತ್ತೆ ಸಾರ್, ಪಾಪ," ಎಂದಳು ಮೇಡಂ. "ಸೀಸಕ್ಕೆ ರುಚಿ ಇಲ್ಲ. ಕ್ಯಾಡ್ಮಿಯಂಗೂ ಇಲ್ಲ. ನಾನು ತಿಂದ್ರೂ ಅಷ್ಟೆ, ನೀವು ತಿಂದ್ರೂ ಅಷ್ಟೆ. ಸುಮ್ನೆ ಯಾಕೆ ತಿನ್ನಿಸ್ತಿದ್ದೀರಿ? ಉಗುಳಿಬಿಡಿ ನೀವು. ಉಗುಳಿ."

ಎಳೆ ಮಗು ಬಾಯಿಗೆ ಮಣ್ಣು ಹಾಕಿಕೊಂಡಾಗ ತಾಯಂದಿರು ಹೇಳುವ ದನಿಯಲ್ಲಿ ಅವಳು ಹೇಳಿದಳು, ಅಂಗೈಯನ್ನೂ ಅರ್ಧ ಮುಂದೆ ಚಾಚಿದಳು. ಅವನು ನುಂಗಿದ. ಬೇಕೆಂದು ನುಂಗಿದ್ದಲ್ಲ. ಆ ಕೈ ಹತ್ತಿರ ಬಂದಾಗ ಗಂಟಲು ತಾನಾಗಿಯೇ ನುಂಗಿಬಿಟ್ಟಿತು. ಬಲೆಯವನು ಕಿಸಕ್ಕನೆ ನಕ್ಕು ತಕ್ಷಣ ಕೆಮ್ಮಿದ. ಇಂಗು ತಿಂದ ಮಂಗನ ಹಾಗಾಗಿರಬೇಕು ತನ್ನ ಮುಖ ಅಂದುಕೊಂಡ ಅವನು ಬೇಸಿನ್ನಿನ ಕಡೆ ತಿರುಗಿ, ಉಗುಳುವುದಕ್ಕೆ ಏನೂ ಇಲ್ಲದಿದ್ದರೂ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದ. ಅಷ್ಟೊತ್ತಿಗೆ ಮೇಡಂ ಯಜಮಾನನಿಗೆ ವಿವರಿಸಲು ಶುರುಮಾಡಿದ್ದಳು. ಕಾಲುವೆಯ ಮೇಲ್ಗಡೆ ನಲ್ಲಿಗಳಿಗೂ ಬೀಗಗಳಿಗೂ ಹೊಳಪಿನ ಲೇಪ ಕೊಡುವ ಕಾರ್ಖಾನೆ ಇದೆಯಲ್ಲ, ಅದರ ನೀರು ಮೊದಲು ಬಂದು ಬೀಳುವುದು ಈ ನಾಲ್ಕನೇ ಕೊಳಕ್ಕೆ. ಸೀಸ, ಕ್ಯಾಡ್ಮಿಯಂ, ಎಲ್ಲಕ್ಕಿಂತ ಹೆಚ್ಚಾಗಿ ತಾಮ್ರ. ಉಳಿದ ಕೊಳಗಳ ನೀರು, ಮೀನು ಎರಡೂ ಸರಿಯಾಗಿವೆ. ಇದೊಂದನ್ನು ಬತ್ತಿಸಿ ಮೀನನ್ನೆಲ್ಲ ಹೂಳಬೇಕು.

"ಆದ್ರೆ ಮೇಡಂ," ಅವನು ತಿರುಗಿದ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಲ್ಲಿ ನೀರು ಎಲ್ಲಕ್ಕಿಂತ ತಿಳಿ. ತಳ ಕಾಣುತ್ತೆ. ಮೀನಿಗೆ ಒಂಚೂರೂ ವಾಸನೆ ಇರಲ್ಲ. ಎಲ್ಲಾ ಕೊಳಕ್ಕಿಂತ ಇದೇ ಶುದ್ಧ ಅಂತ ನಾನು..."

"ಅದೇ ನೋಡಿ ತಮಾಷೆ," ಎಂದಳು ಅವಳು. ಆಮೇಲೆ ತಮಾಷೆ ಅನ್ನಬಾರದಿತ್ತೇನೋ ಅನ್ನಿಸಿದವಳಂತೆ ಕನ್ನಡಕ ತೆಗೆದು ಒರೆಸಿಕೊಂಡಳು. "ಮೀನಿಗೆ ಕೆಸರು ವಾಸನೆ ಬರೋದು ಕೆಸರಿಂದ ಅಲ್ಲ. ಒಂದು ಜಾತಿ ಪಾಚಿಯಿಂದ. ತಾಮ್ರ ಆ ಪಾಚಿನ ಸಾಯಿಸಿಬಿಡ್ತು. ಪಾಚಿ ಇಲ್ಲ, ವಾಸನೆ ಇಲ್ಲ, ನೀರು ತಿಳಿ. ನಿಮ್ಮ ನಾಲಿಗೆ ಸರಿಯಾಗೇ ಹೇಳಿದೆ. ಎಷ್ಟು ವಿಷ ಜಾಸ್ತಿಯಾಯ್ತೋ ಅಷ್ಟು ರುಚಿ ಚೆನ್ನಾಗಾಯ್ತು, ಅಷ್ಟೆ."

ಅಷ್ಟೆ. ಅಷ್ಟೆ ಎಂಬುದು ಎಷ್ಟು ಸಣ್ಣ ಮಾತು, ಹೆಂಡತಿ ಸತ್ತ ದಿನ ಆಸ್ಪತ್ರೆಯವನೂ 'ಅಷ್ಟೆ, ಮುಗೀತು' ಅಂದಿದ್ದ. ಹೆಂಡತಿ ಇದ್ದಾಗ ಅಣಕಿಸುತ್ತಿದ್ದಳು: ನಿಮ್ಮ ಬಾಯಿ ಕೊಳಕ್ಕೆ ಮೀಸಲು, ನನ್ನ ಅಡುಗೆಗೆ ಸಿಗೋದು ಬರೀ ಹಲ್ಲು. ಖಾರ ತಿನ್ನಲಿಲ್ಲ, ಹೊಗೆಸೊಪ್ಪು ಮುಟ್ಟಲಿಲ್ಲ, ಬಿಸಿ ಕಾಫಿಯನ್ನು ಆರಿಸಿ ಆರಿಸಿ ತಣ್ಣೀರು ಮಾಡಿ ಕುಡಿದ. ನಾಲಿಗೆಯನ್ನು ಅಂಗೈಯಲ್ಲಿಟ್ಟುಕೊಂಡ ಹಾಗೆ ಕಾಪಾಡಿಕೊಂಡು ಬಂದ. ಮೇಡಂ ಇನ್ನೂ ಮಾತಾಡುತ್ತಿದ್ದಳು. ಲೋಹ ಮಾಂಸದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲವಂತೆ, ಹೆಚ್ಚು ಸೇರಿಕೊಳ್ಳುವುದು ಕಿವಿರಿನಲ್ಲಿ, ಮೂತ್ರಪಿಂಡದಲ್ಲಿ, ಲಿವರಿನಲ್ಲಿ. ಲಿವರ್ ಎಂಬ ಶಬ್ದ ಕಿವಿಗೆ ಬಿದ್ದಾಗ ಅವನು ಮೇಜಿನ ಅಂಚು ಹಿಡಿದುಕೊಂಡ. ಸುಣ್ಣದ ಬಿಳಿ ಗೋಡೆ, ಸ್ಟೌ, ಸಾಲಾಗಿ ಬೋರಲು ಹಾಕಿದ ತಟ್ಟೆಗಳು, ಎಲ್ಲ ಇದ್ದಲ್ಲೇ ಇದ್ದವು. ದೊಡ್ಡವರ ದೇಹ ಹೇಗೋ ತಡೆದುಕೊಳ್ಳುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಕಷ್ಟ, ಅದರ ಮಿದುಳು ಆಗತಾನೆ ಕಟ್ಟಿಕೊಳ್ಳುತ್ತಿರುತ್ತದೆ, ಸೀಸ ನೇರ ಅಲ್ಲಿಗೇ ಹೋಗುತ್ತದೆ.

"ಇಲ್ಲಿ ಕೆಲಸ ಮಾಡೋರು ಈ ಮೀನು ಮನೆಗೆ ಒಯ್ದಿದ್ದೀರಾ?" ಎಂದು ಅವಳು ಕೇಳಿದಳು. "ಮನೇಲಿ ಚಿಕ್ಕ ಮಕ್ಕಳು, ಬಸುರಿಯರು ಯಾರಾದ್ರೂ?"

"ನಮ್ಮನೇಲಿ ಮೀನು ಅಂದ್ರೆ ಬೆಕ್ಕೂ ಮೂಸಲ್ಲ ಮೇಡಂ," ಎಂದ ಬಲೆಯವನು. "ದಿನಾ ಹಿಡಿಯೋನಿಗೆ ಅದರ ಮುಖ ನೋಡಿದ್ರೇ ಸಾಕಾಗಿರುತ್ತೆ."

ಎಲ್ಲರೂ ನಕ್ಕರು. ನಗು ಇಳಿಯುವುದರೊಳಗೆ ಅವಳ ಕಣ್ಣು ಇವನ ಮೇಲೆ ಬಂದು ನಿಂತಿತು. ಹೇಳಬೇಕಾದ ಮಾತು ಬಾಯಿಯವರೆಗೂ ಬಂದಿತ್ತು. ಯಜಮಾನ ನೋಡುತ್ತಿದ್ದ. ಇವನೇ ರುಚಿ ನೋಡಿ, ಇವನೇ ಆರಿಸಿ, ಇವನೇ ಒಯ್ದು ಸ್ವಂತ ಮಗಳಿಗೆ ಬಡಿಸಿದ ಎಂದು ಆ ಮುಖ ಇನ್ನೊಂದು ಕ್ಷಣಕ್ಕೆ ಅರ್ಥಮಾಡಿಕೊಳ್ಳುತ್ತದೆ, ಆಮೇಲೆ ಅಯ್ಯೋ ಪಾಪ ಅನ್ನುತ್ತದೆ. ಆ ಅಯ್ಯೋ ಪಾಪವನ್ನು ಅವನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

"ಇಲ್ಲ," ಎಂದ. "ನಮ್ಮನೇಲಿ ಯಾರೂ ಇಲ್ಲ."

ಬಲೆಯವನು ತಲೆಯೆತ್ತಿ ಅವನನ್ನು ನೋಡಿದ. ಮಗಳ ಮದುವೆಯಲ್ಲಿ ಕುರ್ಚಿ ಹೊತ್ತವನು, ಬಸುರಿ ಎಂದು ತಿಳಿದಾಗ ಬೆನ್ನಿಗೆ ಗುದ್ದಿ 'ತಾತ ಆದ್ಯಲ್ಲೋ' ಅಂದವನು. ಆಮೇಲೆ ತನ್ನ ಒದ್ದೆ ಪಾದಗಳನ್ನು ನೋಡಿಕೊಂಡ. ಯಾರಾದರೂ ಇದ್ದರೆ ರಕ್ತ ಪರೀಕ್ಷೆಗೆ ಬರಲಿ, ಸಂಜೆಯವರೆಗೆ ಪೇಟೆಯ ಆರೋಗ್ಯ ಕೇಂದ್ರದಲ್ಲಿ ತಾನಿರುವುದಾಗಿ ಹೇಳಿ, ಮೇಡಂ ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಮನೆಗೆ ಹೋಗುವ ದಾರಿ ನಾಲ್ಕನೇ ಕೊಳದ ಏರಿಯ ಮೇಲೇ. ಕಣ್ಣು ಬೇಡವೆಂದರೂ ನೀರಿಗೆ ಇಳಿಯಿತು. ತಳದ ಬೆಣಚುಕಲ್ಲು ಕಾಣುವಷ್ಟು ತಿಳಿ, ಬಿಸಿಲು ಕೆಳಗಿನವರೆಗೂ ಹೋಗಿ ಅಲ್ಲಾಡುತ್ತಿತ್ತು, ಮೀನುಗಳು ದಪ್ಪಗೆ, ಸೋಮಾರಿಗಳಾಗಿ ತಿರುಗಾಡುತ್ತಿದ್ದವು. ದಡದಲ್ಲಿ ಒಂದು ಹುಲ್ಲಿನೆಸಳಿಲ್ಲ, ಒಂದು ಬಸವನಹುಳು ಇಲ್ಲ. ಅದನ್ನೂ ಅವನು ನೋಡಿದ್ದ. ನೋಡಿ, ಎಷ್ಟು ಚೊಕ್ಕಟ ಎಂದು ಮೆಚ್ಚಿದ್ದ. ಎರಡನೇ ತಿಂಗಳಲ್ಲಿ ಮಗಳಿಗೆ ಅನ್ನದ ಗಂಜಿ ಬಿಟ್ಟು ಏನೂ ಸೇರುತ್ತಿರಲಿಲ್ಲ. ಎಣ್ಣೆ ಕಾದ ವಾಸನೆಗೆ ವಾಂತಿ, ಸೋಪಿನ ವಾಸನೆಗೆ ವಾಂತಿ, ಗಂಡ ಲಾರಿಯಿಂದಿಳಿದು ಬಂದರೆ ಡೀಸೆಲ್ ವಾಸನೆಗೆ ವಾಂತಿ. ಅಳಿಯ ಪಾಪ ಬಾಗಿಲಲ್ಲೇ ನಿಂತು, 'ಮಾವ, ಇವಳು ನನ್ನ ಮನೆಯೊಳಗೇ ಬಿಡ್ತಿಲ್ಲ' ಎಂದು ನಕ್ಕು, ತಿಂಗಳುಗಟ್ಟಲೆ ದೂರದ ದಾರಿ ಹಿಡಿದಿದ್ದ. ರಕ್ತ ಕಡಿಮೆ ಇದೆ, ತಿನ್ನಿಸಿ ಎಂದು ಡಾಕ್ಟರು ಗದರಿದ್ದರು. ಎರಡನೇ ಕೊಳದ ಮೀನು ಒಯ್ದ, ಮೂಗು ಮುಚ್ಚಿಕೊಂಡಳು. ಮೂರನೆಯದು ಒಯ್ದ, ಅದೂ ಆಗಲಿಲ್ಲ. ಒಂದು ದಿನ ನಾಲ್ಕನೆಯದನ್ನು ಬೇಯಿಸಿ ತಟ್ಟೆಯಲ್ಲಿಟ್ಟು, ಏನೂ ಹೇಳದೆ ಗೋಡೆಯ ಕಡೆ ತಿರುಗಿ ಕೂತಿದ್ದ, ಪರೀಕ್ಷೆ ಬರೆದ ಹುಡುಗನಂತೆ. ಹಿಂದಿನಿಂದ ಸದ್ದಿಲ್ಲ. ತಿರುಗಿ ನೋಡಿದರೆ ಮಗಳು ಮುಳ್ಳನ್ನೂ ಚೀಪುತ್ತಿದ್ದಳು. 'ಅಪ್ಪಾ, ಇದಕ್ಕೆ ವಾಸನೇನೇ ಇಲ್ಲ!' ಅಂದಿದ್ದಳು. ಅವತ್ತು ಅವನ ಹೊಟ್ಟೆ ತಣ್ಣಗಾದ ಹಾಗೆ ಯಾವತ್ತೂ ಆಗಿರಲಿಲ್ಲ. ತನ್ನ ನಾಲಿಗೆ ಇಷ್ಟು ವರ್ಷ ಯಾರ್ಯಾರದೋ ಊಟಕ್ಕೆ ದುಡಿದದ್ದು ಕೊನೆಗೆ ಇವಳ ಹೊಟ್ಟೆಗೆ ಬಂತು ಎಂದು ಅವನು ಹಿತ್ತಲಿಗೆ ಹೋಗಿ ಅತ್ತಿದ್ದ. ಆಮೇಲೆ ಪ್ರತಿ ಸಲ ಅದೇ ಕೊಳ. ರಕ್ತಕ್ಕೆ ಒಳ್ಳೆಯದೆಂದು ಲಿವರನ್ನು ಬೇರೆಯಾಗಿ ತೆಗೆದು, ಸ್ವಲ್ಪ ಬೆಣ್ಣೆಯಲ್ಲಿ ಬಾಡಿಸಿ, ಮೊದಲು ಅದನ್ನು ತಿನ್ನಿಸಿ, ಆಮೇಲೆ ಉಳಿದದ್ದು. 'ತಿನ್ನು, ಇದು ಮಗೂಗೆ' ಎನ್ನುತ್ತಿದ್ದ. ಏರಿಯ ಮೇಲೆ ನಿಂತವನ ಬಾಯಿಂದ ಆ ಮಾತು ಈಗ ಜೋರಾಗಿಯೇ ಹೊರಬಿತ್ತು, ಇದು ಮಗೂಗೆ. ಎದುರಿಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಹೆಂಗಸು ಬೆಚ್ಚಿ ಪಕ್ಕಕ್ಕೆ ಸರಿದಳು.

ಮಗಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು, ಈಗ ರಜೆಯ ಮೇಲೆ ಅಪ್ಪನ ಮನೆಯಲ್ಲಿದ್ದಾಳೆ. ಅವನು ಒಳಗೆ ಕಾಲಿಟ್ಟಾಗ ಊದಿದ ಪಾದಗಳನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟು, ಹೊಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. "ನೋಡಪ್ಪಾ, ನನಗೀಗ ಮೇಜೇ ಬೇಡ," ಎಂದು ತಟ್ಟೆಯ ಕಡೆ ಗಲ್ಲ ತೋರಿಸಿ ನಕ್ಕಳು. ಒಳಗಿನಿಂದ ಮಗು ಒದ್ದಿರಬೇಕು, ಒಂದು ಬಟಾಣಿ ಅಲ್ಲಾಡಿ ತಟ್ಟೆಯ ಅಂಚಿಗೆ ಉರುಳಿತು. ಅವನು ಹೊಸ್ತಿಲಲ್ಲೇ ಕೂತುಬಿಟ್ಟ. ಚಪ್ಪಲಿ ತೆಗೆಯುವ ನೆವದಲ್ಲಿ ತಲೆ ಬಗ್ಗಿಸಿದ. ಬರಿಗೈಯಲ್ಲಿ ಬಂದಿದ್ದು ಅವಳಿಗೆ ಆಗಲೇ ಕಂಡಿತ್ತು.

"ಇವತ್ತು ಮೀನಿಲ್ವಾ? ಯಾಕೆ, ಅಲ್ಲಿ ಜಗಳ ಆಡ್ಕೊಂಡು ಬಂದ್ಯಾ? ಆ ಯಜಮಾನ ಮತ್ತೆ ಏನಾದ್ರೂ ಅಂದ್ನಾ?"

"ನಾಲ್ಕನೇ ಕೊಳ ಮುಚ್ಚುತ್ತಾರಂತೆ," ಎಂದ. "ನೀರು ಕೆಟ್ಟಿದ್ಯಂತೆ. ಕಾರ್ಖಾನೆ ನೀರು. ಸೀಸ ಗೀಸ ಅಂತ ಏನೇನೋ."

ಬಟಾಣಿಯ ಸಿಪ್ಪೆ ಬಿಡಿಸುತ್ತಿದ್ದ ಬೆರಳು ನಿಂತವು. ಅವಳು ಗಾಜಿನ ಕೆಲಸದವಳು, ಸೀಸ ಅಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕೈ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಅದಿದ್ದ ಜಾಗಕ್ಕೆ, ಹೊಟ್ಟೆಯ ಮೇಲೆ, ಬಂದು ಕೂತಿತು. "ನಾವು ತಿಂತಿದ್ದಿದ್ದು ಯಾವುದು?" ಎಂದು ಕೇಳಿದಳು. ಕೇಳುವಾಗ ಅವಳ ಮುಖ ಅವರಮ್ಮನ ಮುಖವಾಯಿತು. ಜ್ವರದಲ್ಲಿ ಮಲಗಿ, ಡಾಕ್ಟರು ಏನಂದ್ರು ಎಂದು ಕೇಳಿದ ಮುಖ. ಆಗಲೂ ಅವನು ಅರ್ಧವನ್ನೇ ಹೇಳಿದ್ದ. ಪೂರ್ತಿ ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಆ ಮುಖ ಕಂಡದ್ದೇ ಎಲ್ಲ ಚೆಲ್ಲಾಪಿಲ್ಲಿಯಾಯಿತು.

"ಎರಡನೇದೇ ಜಾಸ್ತಿ," ಎಂದ. "ನಾಲ್ಕನೇದು ಎಲ್ಲೋ ಒಂದೆರಡು ಸಲ. ಆದ್ರೂ ಒಂದು ಸಲ ತೋರಿಸ್ಕೊಂಡು ಬಂದುಬಿಡೋಣ. ರಕ್ತ ನೋಡ್ತಾರಂತೆ."

ಹೇಳುತ್ತಿದ್ದಂತೆಯೇ ಅವನೊಳಗೆ ಲೆಕ್ಕಾಚಾರ ನಡೆದಿತ್ತು, ಅದೂ ಅವನಿಗೆ ಗೊತ್ತಿತ್ತು. ಅಲ್ಲಿ ಹೋದರೆ ರಕ್ತ ತೆಗೆಯುತ್ತಾರೆ. ರಕ್ತ ಸುಳ್ಳು ಹೇಳುವುದಿಲ್ಲ. ತಾನು ಹೇಳಲಾರದ್ದನ್ನು ಆ ಸೂಜಿಯೇ ಹೇಳಲಿ, ಒಂದು ವಾರ ಕಳೆದು, ಬೇರೆ ಯಾರೋ, ತಾನಿಲ್ಲದ ಹೊತ್ತಿನಲ್ಲಿ. ಹೇಡಿ ಅಂದುಕೊಂಡ ತನ್ನನ್ನು. ಅಂದುಕೊಂಡರೂ ಮಾತು ತಿದ್ದಲಿಲ್ಲ. ಮಗಳು ದೊಡ್ಡದಾಗಿ ಉಸಿರು ಬಿಟ್ಟಳು. "ಅಯ್ಯೋ, ಒಂದೆರಡು ಸಲಕ್ಕೇ ಹೀಗೆ ಮುಖ ಮಾಡ್ಕೊಂಡು ಬಂದಿದ್ಯಾ? ನನ್ನ ಜೀವಾನೇ ಹೋಗಿತ್ತಲ್ಲಪ್ಪಾ!" ಎಂದು ಬಯ್ದು, ಕೈ ಕೊಡು ಎಬ್ಬಿಸು ಎಂದಳು. ಒದ್ದೆ ಪಾದ ಒರೆಸಿ ಚಪ್ಪಲಿ ಹಾಕಿಸಿದ್ದು ಅವನೇ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ನಿನ್ನ ನಾಲಿಗೆ ತಪ್ಪಿ ಎರಡು ಸಲ ಕೆಟ್ಟದ್ದು ತಂದ್ರೆ ಏನಂತೆ, ಎಷ್ಟು ಸಲ ಒಳ್ಳೇದು ತಂದಿದ್ಯ, ತಲೆ ಕೆಡಿಸ್ಕೋಬೇಡ ಎಂದು ಅವನಿಗೇ ಸಮಾಧಾನ ಹೇಳುತ್ತಾ ಬಂದಳು. ಅವಳ ಸಮಾಧಾನದ ಒಂದೊಂದು ಮಾತೂ ಅವನ ಗಂಟಲಿನಲ್ಲಿ ಮುಳ್ಳಾಗಿ ಕೂತಿತು.

ಆರೋಗ್ಯ ಕೇಂದ್ರದ ಕೋಣೆ ಚಿಕ್ಕದು. ಒಂದು ಮೇಜು, ಮಲಗುವ ಮಂಚ, ಅದಕ್ಕೆ ಅಡ್ಡವಾಗಿ ಹಸಿರು ಪರದೆ. ಹೊರಗಿನ ಬೆಂಚಿನಲ್ಲಿ ಮಕ್ಕಳನ್ನು ಕರೆತಂದ ಇಬ್ಬರು ತಾಯಂದಿರು ಕಾಯುತ್ತಿದ್ದರು. ಮೇಡಂ ಬೂಟು ಬಿಚ್ಚಿ ಮನೆಯ ಚಪ್ಪಲಿ ಹಾಕಿಕೊಂಡಿದ್ದಳು, ಬೆಳಿಗ್ಗೆಗಿಂತ ವಯಸ್ಸಾದವಳಂತೆ ಕಂಡಳು. ಅವನನ್ನು ನೋಡಿ, ಅವನ ತೋಳು ಹಿಡಿದು ನಿಂತವಳ ಹೊಟ್ಟೆಯನ್ನು ನೋಡಿ, ಮತ್ತೆ ಅವನನ್ನು ನೋಡಿದಳು.

"ಬೆಳಿಗ್ಗೆ ನಿಮ್ಮನೇಲಿ ಯಾರೂ ಇಲ್ಲ ಅಂದ್ರಲ್ಲ?"

ಮಗಳು ಅಚ್ಚರಿಯಿಂದ ಅವನ ಕಡೆ ತಿರುಗಿದಳು. ಅವನು ಬಾಯಿ ತೆರೆಯುವುದರೊಳಗೆ ಮಗಳೇ ಅಡ್ಡ ಬಂದಳು. "ಅಪ್ಪನಿಗೆ ಗಾಬರಿಯಾದ್ರೆ ಹಾಗೇ ಮೇಡಂ, ತನ್ನ ಹೆಸರೂ ಮರೆತುಹೋಗುತ್ತೆ. ನಾನು ಹುಟ್ಟಿದಾಗ ಗಂಡೋ ಹೆಣ್ಣೋ ಅಂತ ಕೇಳಿದ್ರೆ 'ಹೂಂ' ಅಂದಿದ್ರಂತೆ." ಮೇಡಂ ನಕ್ಕಳು. ಮಗಳು ಆಗಲೇ ಕುರ್ಚಿಯಲ್ಲಿ ಕೂತು, ತೋಳು ಮೇಲೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಡಗೈಯಲ್ಲಿ ಅಪ್ಪನ ಬೆರಳುಗಳನ್ನು ಹಿಡಿದಿದ್ದಳು. ಸೂಜಿ ಎಂದರೆ ಅವಳಿಗೆ ಚಿಕ್ಕಂದಿನಿಂದಲೂ ಹೀಗೆ.

"ಎಷ್ಟು ಸಲ ತಿಂದಿದ್ದೀಯಮ್ಮಾ ಆ ಕೊಳದ ಮೀನು?"

"ಒಂದೆರಡು ಸಲ ಅಷ್ಟೆ ಮೇಡಂ," ಎಂದಳು ಮಗಳು ಕಣ್ಣು ತೆರೆಯದೆ. "ಉಳಿದಿದ್ದೆಲ್ಲ ಎರಡನೇ ಕೊಳದ್ದು. ಅಪ್ಪ ಆರಿಸಿ ತರೋದು. ಅವ್ರು ಬಾಯಿಗೆ ಹಾಕಿ ನೋಡದೆ ನನಗೆ ಏನೂ ಕೊಡಲ್ಲ."

ಮೇಡಂ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. "ಹಾಗಾದ್ರೆ ಭಯ ಪಡಬೇಡ. ಒಂದೆರಡು ಸಲಕ್ಕೆ ಏನೂ ಆಗಲ್ಲ. ಮೊದಲೇ ರಕ್ತ ಇಲ್ಲದವಳ ಹಾಗೆ ಬಿಳಿಚಿಕೊಂಡಿದ್ದೀಯ, ನಿನಗೆ ಸುಮ್ನೆ ಸೂಜಿ ಯಾಕೆ ಚುಚ್ಚಲಿ? ಹೊರಗೆ ನೋಡು, ವರ್ಷಗಟ್ಟಲೆ ತಿಂದ ಮಕ್ಕಳು ಕಾಯ್ತಿದಾವೆ. ಆರಾಮಾಗಿ ಹೋಗಮ್ಮಾ."

ಮಗಳು ಕಣ್ಣು ತೆರೆದಳು. ಅವಳ ಮುಖದಲ್ಲಿ ಆಗ ಕಂಡ ಬೆಳಕನ್ನು ಅವನು ಈ ಜನ್ಮದಲ್ಲಿ ಮರೆಯುವಂತಿರಲಿಲ್ಲ. ತುಟಿ ನಗಲೋ ಅಳಲೋ ಎಂದು ಅದುರಿ ಕೊನೆಗೆ ನಕ್ಕಿತು. "ಕೇಳಿಸ್ತಾ ಅಪ್ಪಾ?" ಎಂದು ಅವನ ಬೆರಳು ಹಿಂಡಿದಳು. ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಳ್ಳತೊಡಗಿದಳು, ಒಂದೇ ಕೈಯಲ್ಲಿ, ಅವನ ಕೈ ಬಿಡದೆ. ಗುಂಡಿ ತೂತಿಗೆ ಸಿಗುತ್ತಿರಲಿಲ್ಲ. ಇನ್ನು ಎದ್ದು ಹೊರಟುಬಿಡಬಹುದು. ಬಸ್ಸು ಸಿಗುತ್ತದೆ, ಮನೆಯಲ್ಲಿ ಬಟಾಣಿ ಇದೆ, ಇವತ್ತಿನ ಮಟ್ಟಿಗೆ ಅವಳು ನಗುತ್ತಾಳೆ, ನಾಳೆಯೂ ನಗುತ್ತಾಳೆ, ಮಗು ಹುಟ್ಟುವವರೆಗೂ ನಗುತ್ತಾಳೆ. ಆಮೇಲೆ ಅದು ಕತ್ತೆತ್ತುವ ಹೊತ್ತಿಗೆ ಎತ್ತದೆ, ಮಾತಾಡುವ ಹೊತ್ತಿಗೆ ಆಡದೆ ಹೋದರೆ, ಯಾರಿಗೇನು ಗೊತ್ತಾಗುತ್ತದೆ? ನಿಧಾನ ಅನ್ನುತ್ತಾರೆ. ಅವರಪ್ಪನ ಕಡೆಯದು ಅನ್ನುತ್ತಾರೆ. ಮೇಡಂ ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆಯಲು ಬಾಯಿ ತೆರೆದಳು.

"ಎಲ್ಲಾ ನಾಲ್ಕನೇದೇ," ಎಂದ ಅವನು.

"ಏನಪ್ಪಾ?" ಮಗಳ ಮುಖದಲ್ಲಿ ನಗು ಹಾಗೇ ಇತ್ತು, ಹೊರಡಬೇಕೆಂದು ತಿಳಿಯದೆ ಉಳಿದ ನೆಂಟನ ಹಾಗೆ.

"ನೀ ತಿಂದಿದ್ದೆಲ್ಲ ನಾಲ್ಕನೇದೇ ಕಣಮ್ಮಾ. ಮೊದಲ್ನಿಂದ. ಲಿವರೂ ಅದರದ್ದೇ. ಮನೇಲಿ ಸುಳ್ಳು ಹೇಳ್ದೆ. ಮೇಡಂಗೂ ಬೆಳಿಗ್ಗೆ ಸುಳ್ಳು ಹೇಳ್ದೆ."

ಹೊರಗೆ ಒಂದು ಮಗು ಬೆಂಚಿಗೆ ಕಾಲು ಬಡಿಯುತ್ತಿತ್ತು. ಮಗಳು ಅವನ ಮುಖ ನೋಡುತ್ತಲೇ ಇದ್ದಳು, ಬಹಳ ಸಣ್ಣ ಅಕ್ಷರ ಓದುವವಳ ಹಾಗೆ. ಆಮೇಲೆ ಮೇಡಂ ಕಡೆ ತಿರುಗಿ, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಮರ್ಯಾದೆಯ ದನಿಯಲ್ಲಿ, "ಮಗು ಒಳಗಿರೋವಾಗ್ಲೇ ಅದನ್ನ ತೆಗೆಯೋಕೆ ಆಗುತ್ತಾ ಮೇಡಂ?" ಎಂದು ಕೇಳಿದಳು. ಮೇಡಂ ಹತ್ತಿಯನ್ನು ಮತ್ತೆ ಎತ್ತಿಕೊಂಡಳು. ಆಗಲ್ಲಮ್ಮಾ ಎಂದಳು. ಇನ್ನು ಮುಂದೆ ಹೋಗದ ಹಾಗೆ ನೋಡ್ಕೋಬಹುದು, ಹೋಗಿರೋದನ್ನ ತೆಗೆಯೋಕಾಗಲ್ಲ. ಎಷ್ಟು ಹೋಗಿದೆ ಅಂತ ರಕ್ತ ಹೇಳುತ್ತೆ, ಮಗುವಿಗೆ ಏನಾಗಿದೆ ಅಂತ ಅದು ಹುಟ್ಟಿ ಬೆಳೆದ ಮೇಲೇ ಗೊತ್ತಾಗೋದು. ಮಗಳು ತಲೆಯಾಡಿಸಿದಳು. ಅವನ ಬೆರಳು ಬಿಟ್ಟು, ಆ ಕೈಯಿಂದ ತೋಳನ್ನು ಮತ್ತೆ ಮೇಲೇರಿಸಿಕೊಂಡಳು. ಅವನು ಅಭ್ಯಾಸಬಲದಿಂದ ಬೆರಳು ಚಾಚಿದ.

"ಬೇಡ," ಎಂದಳು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ. "ನೀನು ಹೊರಗೆ ಕೂತಿರಪ್ಪಾ."

ಬಾಗಿಲ ಹೊರಗೆ, ಇಬ್ಬರು ತಾಯಂದಿರ ಪಕ್ಕ, ಅವನು ಬೆಂಚಿನ ತುದಿಯಲ್ಲಿ ಕೂತ. ಅವರು ಅವನಿಗೆ ಜಾಗ ಬಿಟ್ಟು ಸರಿದರು. ಮಗಳು ಸೂಜಿಗೆ ಕಿರುಚುತ್ತಾಳೆಂದು ಕಾದ, ಕಿರುಚಲಿಲ್ಲ. ಬಾಟಲಿಯ ಸದ್ದಾಯಿತು. ಮೇಡಂ ಮೆಲ್ಲಗೆ ಒಂದೊಂದಾಗಿ ಕೇಳುತ್ತಿದ್ದಳು, ಮಗಳು ಒಂದೊಂದಕ್ಕೂ ಸರಿಯಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಎರಡನೇ ತಿಂಗಳಿಂದ. ಹೌದು, ಹೆಚ್ಚು ಕಡಿಮೆ ದಿನಾ. ಹೌದು, ಲಿವರ್ ಮೊದಲು. ಇಲ್ಲ, ತಲೆನೋವು ಏನಿಲ್ಲ. ಮಗು ಆಡುತ್ತೆ, ಬೆಳಿಗ್ಗೇನೂ ಆಡ್ತು.

"ತಿನ್ನುವಾಗ ಏನಾದ್ರೂ ಬೇರೆ ಥರ ಅನ್ನಿಸ್ತಿತ್ತಾ?" ಎಂದು ಮೇಡಂ ಕೇಳಿದ್ದು ಕೇಳಿಸಿತು.

ಒಳಗೆ ಕುರ್ಚಿ ಕಿರುಗುಟ್ಟಿತು.

"ಇಲ್ಲ ಮೇಡಂ," ಎಂದಳು ಮಗಳು ಆಮೇಲೆ. "ತುಂಬಾ ರುಚಿಯಾಗಿತ್ತು." ಹೇಳಿ ಮುಗಿಸುವಷ್ಟರಲ್ಲಿ ಅವಳು ಅಳತೊಡಗಿದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡವಳ ಅಳುವಿನ ಹಾಗೆ ಅದು ಕೇಳಿಸಿತು. ಹೊರಗೆ ಕೂತವನಿಗೆ ಕೇಳಿಸಬಾರದೆಂದು ಹಾಗೆ ಮುಚ್ಚಿಕೊಂಡು ಅಳುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು, ಎದ್ದು ಒಳಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ.